ಸಕ್ಕರೆ ಮಾತ್ರೆಯ ಜೊತೆ ಸದಾಪುಷ್ಪ: ಮುಧೋಳ ತಾಲೂಕಿನ ಒಂದು ಪ್ರಕರಣ

ರೋಗಿಗೆ 64 ವರ್ಷ. ಮುಧೋಳ ತಾಲೂಕಿನಲ್ಲಿ ಘಟಪ್ರಭೆಯ ದಂಡೆಗಿರುವ ಊರಿನ ಕಬ್ಬು ಬೆಳೆಗಾರ. 11 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಬಿಪಿಯೂ ಇದೆ. ಗ್ಲಿಮೆಪಿರೈಡ್ 2 ಮಿಲಿಗ್ರಾಂ ಮತ್ತು ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಸೇರಿದ ಮಾತ್ರೆಯನ್ನು ದಿನಕ್ಕೆ ಎರಡು ಸಲ ತೆಗೆದುಕೊಳ್ಳುತ್ತಿದ್ದರು. ಬಿಪಿಗೆ ಅಮ್ಲೋಡಿಪಿನ್ 5 ಮಿಲಿಗ್ರಾಂ. ಎರಡು ವಾರದೊಳಗೆ ಎರಡು ಸಲ ಅವರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಿತು. ಮೊದಲ ಸಲ ಉಪವಾಸವೇ ಕಾರಣ ಎಂದು ಎಲ್ಲರಿಗೂ ಅನಿಸಿತು. ಎರಡನೇ ಸಲ ಉಪವಾಸ ಇರಲಿಲ್ಲ, ಮಾತ್ರೆಯೂ ಅರ್ಧಕ್ಕೆ ಇಳಿದಿತ್ತು. ಆಗ ಹೊರಗೆ ಬಂದದ್ದು ಅಂಗಳದ ಸದಾಪುಷ್ಪದ ವಿಷಯ. ಎರಡು ತಿಂಗಳಿಂದ ಅದರ ಹೂವು ಮತ್ತು ಎಲೆ ದಿನಾ ಮುಂಜಾನೆ ಅವರ ಹೊಟ್ಟೆಗೆ ಹೋಗುತ್ತಿದ್ದವು.

ನಾನು ಆಯುರ್ವೇದ ಓದಿದವಳು. ಅದರಲ್ಲೇ ಚಿಕಿತ್ಸೆ ಕೊಡುತ್ತೇನೆ. ಗಿಡಮೂಲಿಕೆಗೆ ಶಕ್ತಿ ಇದೆ ಎಂದು ನಂಬಿರುವುದರಿಂದಲೇ ಈ ಪ್ರಕರಣವನ್ನು ಬರೆದಿಡಬೇಕು ಅನಿಸಿತು. ಶಕ್ತಿ ಇರುವ ಗಿಡವನ್ನು ಲೆಕ್ಕಕ್ಕೇ ಹಿಡಿಯದೆ ತಿನ್ನುವುದು ನಮ್ಮ ಭಾಗದಲ್ಲಿ ಬಹಳ ಸಾಮಾನ್ಯ. ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ.

ಏಕಾದಶಿಯ ದಿನ

ಈ ಮನೆಯವರು ವಿಠಲನ ಭಕ್ತರು. ಆಷಾಢ ಏಕಾದಶಿಯಂದು ನೀರು, ಚಹಾ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಆ ದಿನವೂ ಹಿರಿಯರು ಮಾತ್ರೆಯನ್ನು ಎಂದಿನಂತೆ ನುಂಗಿದರು. ದೇವರಿಗೆ ಉಪವಾಸ, ರೋಗಕ್ಕೆ ಮಾತ್ರೆ ಎಂದು ಎರಡನ್ನೂ ಬೇರೆಬೇರೆ ಇಟ್ಟು ನೋಡುವವರು ನಮ್ಮಲ್ಲಿ ತುಂಬಾ ಜನ. ಮಾತ್ರೆಗೆ ಉಪವಾಸ ಗೊತ್ತಾಗುವುದಿಲ್ಲ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಯಲ್ಲಿ ಊಟ ಇರಲಿ, ಬಿಡಲಿ, ಆ ಕೆಲಸ ನಿಲ್ಲುವುದಿಲ್ಲ. ಮೆಟ್‌ಫಾರ್ಮಿನ್ ಹಾಗಲ್ಲ, ಅದೊಂದರಿಂದಲೇ ಸಕ್ಕರೆ ಇಷ್ಟು ಕೆಳಗೆ ಇಳಿಯುವುದು ಅಪರೂಪ.

ಮಧ್ಯಾಹ್ನ ಎರಡರ ಹೊತ್ತಿಗೆ ಗುಡಿಯ ಕಟ್ಟೆಯ ಮೇಲೆ ಕೂತವರು ಸಂಬಂಧವಿಲ್ಲದ ಮಾತು ಆಡತೊಡಗಿದರು. ಅಂಗಿ ಬೆವರಿನಿಂದ ತೊಯ್ದಿತ್ತು. ನಾಲಿಗೆ ತೊದಲುತ್ತಿತ್ತು. ಮೊದಲು ಲಕ್ವಾ ಹೊಡೆದಿದೆ ಎಂದರು. ಇನ್ನೊಬ್ಬರು ಗಾಳಿ ಸೋಕಿದೆ ಎಂದರು. ಪುಣ್ಯಕ್ಕೆ ಮಗ ತಡ ಮಾಡದೆ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ. ಅಲ್ಲಿ ಬೆರಳು ಚುಚ್ಚಿ ನೋಡಿದರೆ ಸಕ್ಕರೆ 38. ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ ಹೋದರೇ ಅದನ್ನು ಕಮ್ಮಿ ಅನ್ನುತ್ತೇವೆ. 54ಕ್ಕಿಂತ ಕೆಳಗೆ ಹೋದರೆ ಮೆದುಳಿಗೆ ಬೇಕಾದಷ್ಟು ಸಕ್ಕರೆ ಸಿಗದೆ ಮಾತು, ನಡೆ, ಬುದ್ಧಿ ಎಲ್ಲ ತಪ್ಪತೊಡಗುತ್ತದೆ. ಲಕ್ವಾ ಎಂದು ಮನೆಯವರು ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟ ಕೂಡಲೇ ಮಾತು ಸರಿಯಾಯಿತು. ಹಿರಿಯರು ಮನೆಗೆ ಹೊರಟೇಬಿಟ್ಟರು. ವೈದ್ಯರು ಬಿಡಲಿಲ್ಲ, ಅದು ತುಂಬಾ ಒಳ್ಳೆಯದಾಯಿತು. ಎರಡು ತಾಸಿನ ನಂತರ ಸಕ್ಕರೆ ಮತ್ತೆ 52ಕ್ಕೆ ಬಂತು. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯಿಂದ ಸಕ್ಕರೆ ಇಳಿದಾಗ ಇದೇ ದೊಡ್ಡ ತೊಂದರೆ. ಒಂದು ಬಾಟಲಿ ಗ್ಲೂಕೋಸಿಗೆ ಏರುತ್ತದೆ, ಅದು ಮುಗಿದ ಮೇಲೆ ಮತ್ತೆ ಇಳಿಯುತ್ತದೆ. ಮಾತ್ರೆಯ ಪರಿಣಾಮ ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಇರುತ್ತದೆ. ಮೂತ್ರಪಿಂಡ ಸೊರಗಿದ್ದರೆ ಇನ್ನೂ ಲಂಬಿಸುತ್ತದೆ. ಇವರ ಕ್ರಿಯಾಟಿನಿನ್ 1.7 ಇತ್ತು. ಅಂದರೆ ಮೂತ್ರಪಿಂಡದ ಕೆಲಸ ಆಗಲೇ ಕಮ್ಮಿಯಾಗಿತ್ತು.

ಎರಡು ದಿನ ಇಟ್ಟುಕೊಂಡು, ಮಾತ್ರೆಯನ್ನು ದಿನಕ್ಕೆ ಒಂದಕ್ಕೆ ಇಳಿಸಿ, ಮುಂದೆ ಉಪವಾಸ ಬೇಡ ಎಂದು ಹೇಳಿ ಕಳಿಸಿದರು. ಮನೆಗೆ ಹೋಗುವ ಮುಂಜಾನೆ ಖಾಲಿ ಹೊಟ್ಟೆಯ ಸಕ್ಕರೆ 168. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ. ಉಪವಾಸ, ಇನ್ಸುಲಿನ್ ಹೊರಡಿಸುವ ಮಾತ್ರೆ, ಸೊರಗಿದ ಮೂತ್ರಪಿಂಡ. ಈ ಮೂರು ಕಾರಣಗಳು ಸಾಕಾಗಿದ್ದವು. ನಾಲ್ಕನೆಯದನ್ನು ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ. ನಾನು ಅಲ್ಲಿದ್ದರೂ ಆ ದಿನ ಹಾಗೇ ಯೋಚಿಸುತ್ತಿದ್ದೆ.

ಎರಡನೇ ಸಲ

ಎಂಟು ದಿನ ಕಳೆದ ಮೇಲೆ ಮುಂಜಾನೆ ಹನ್ನೊಂದಕ್ಕೆ ಮತ್ತೆ ಬೆವರು, ಕೈನಡುಕ. ರೊಟ್ಟಿ, ಪಲ್ಯ ತಿಂದು ಎರಡು ತಾಸು ಕೂಡ ಆಗಿರಲಿಲ್ಲ. ಮನೆಯಲ್ಲಿ ಹೊಸದಾಗಿ ತಂದ ಗ್ಲುಕೋಮೀಟರ್ 54 ತೋರಿಸಿತು. ಈ ಸಲ ಸೊಸೆ ಗಾಬರಿಯಾಗದೆ ನೀರಿಗೆ ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಿದಳು. ಕಾಲು ತಾಸಿಗೆ 81 ಆಯಿತು. ಸಂಜೆ ಅವರನ್ನು ನನ್ನ ಹತ್ತಿರ ಕರೆತಂದರು. ಮೈಯಲ್ಲಿ ಉಷ್ಣ ಆಗಿದೆ, ತಂಪಿಗೆ ಏನಾದರೂ ಕೊಡಿ ಎಂಬುದು ಅವರ ಕೇಳಿಕೆ.

ಊಟ ಮಾಡಿದ್ದಾರೆ, ಮಾತ್ರೆ ಅರ್ಧ ಆಗಿದೆ, ಆದರೂ ಸಕ್ಕರೆ ಇಳಿದಿದೆ. ಬೇರೆ ಏನಾದರೂ ಔಷಧ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ನಾಟಿ ಔಷಧ? ಅದೂ ಇಲ್ಲ. ಕಷಾಯ, ಪುಡಿ? ಇಲ್ಲ. ಆಮೇಲೆ ಪ್ರಶ್ನೆಯನ್ನೇ ಬದಲಿಸಿದೆ.

"ಕಾಕಾ, ಮುಂಜಾನೆ ಎದ್ದ ಕೂಡ್ಲೆ ಬಾಯಿಗೆ ಮೊದಲ ಏನ್ ಹಾಕ್ಕೋತೀರಿ?"

ಅವರು ಸುಮ್ಮನಿದ್ದರು. ಸೊಸೆಯೇ ಹೇಳಿದಳು: "ಔಷಧ ಏನೂ ಇಲ್ರಿ ಬಾಯಾರ. ಅಂಗಳದಾಗಿನ ಹೂವ ಅಷ್ಟ ತಿಂತಾರ್ರಿ. ಮ್ಯಾಲ ಎಲಿ ಕುದಿಸಿದ ನೀರು ಕುಡಿತಾರ್ರಿ."

ನಾನು ಈ ಬರಹದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಇವರು ಯಾರೂ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಔಷಧ ಅಂದರೆ ಅಂಗಡಿಯಿಂದ ತಂದದ್ದು, ಇಲ್ಲವೇ ವೈದ್ಯರು ಬರೆದುಕೊಟ್ಟದ್ದು. ದೇವರಿಗೆ ಏರಿಸುವ ಹೂವು ಔಷಧ ಹೇಗಾಗುತ್ತದೆ? ಹಾಗಾಗಿ ಔಷಧ ಏನು ತಗೋತೀರಿ ಎಂದು ಎಷ್ಟು ಸಲ ಕೇಳಿದರೂ ಉತ್ತರ ಇಲ್ಲ ಎಂದೇ ಬರುತ್ತದೆ. ಏನು ತಿನ್ನುತ್ತೀರಿ, ಏನು ಕುಡಿಯುತ್ತೀರಿ, ಯಾವ ಹೊತ್ತಿಗೆ ಎಂದು ಕೇಳಬೇಕು. ಮನೆಯಲ್ಲಿ ಅಡುಗೆ ಮಾಡುವವರನ್ನೂ ಕೇಳಬೇಕು.

ಒಂದೊಂದಾಗಿ ವಿವರ ಬಂತು. ಬಸವ ಜಯಂತಿ ಆದ ಮೇಲೆ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ ಶುರು ಮಾಡಿದ್ದರು. ಮೊದಲು ದಿನಕ್ಕೆ ನಾಲ್ಕೈದು ಹೂವು. ಖಾಲಿ ಹೊಟ್ಟೆಯ ಸಕ್ಕರೆ 180ರ ಆಸುಪಾಸಿನಿಂದ 120ಕ್ಕೆ ಬಂತು. ಖುಷಿಯಾಗಿ ಓಣಿಯವರಿಗೂ ಹೇಳಿದರು. ಡಾಕ್ಟರಿಗೆ ಹೇಳಲಿಲ್ಲ, ಬೈಯುತ್ತಾರೆಂಬ ಅಂಜಿಕೆ. ಏಕಾದಶಿಗೆ ಎರಡು ವಾರ ಮೊದಲೇ ನಸುಕಿನಲ್ಲಿ ಬೆವರು, ತಲೆ ತಿರುಗು ಶುರುವಾಗಿತ್ತು. ಪಿತ್ತ ಎಂದುಕೊಂಡು ಸುಮ್ಮನಾಗಿದ್ದರು. ಆಸ್ಪತ್ರೆಯಲ್ಲಿದ್ದ ಎರಡು ದಿನ ಹೂವು ಇರಲಿಲ್ಲ. ಮನೆಗೆ ಬಂದ ಮೇಲೆ ಮತ್ತೆ ಶುರು, ಅದೂ ಜಾಸ್ತಿ. "ಗುಳಿಗಿ ಕಮ್ಮಿ ಆತಲ್ರೀ, ಅದಕ್ಕ ಹೂವ ಹತ್ತ ಮಾಡಿದೆ, ಎಲಿನೂ ಒಂದು ಹಿಡಿ ಹಾಕಿದೆ" ಎಂದರು ಕಾಕಾ. ಅವರ ಯೋಚನೆಯಲ್ಲಿ ಒಂದು ನ್ಯಾಯ ಇದೆ, ಅಲ್ವಾ? ಮಾತ್ರೆ ಕಮ್ಮಿಯಾದದ್ದನ್ನು ಹೂವಿನಿಂದ ತುಂಬಿಸಿದರು. ಮಾತ್ರೆ ಯಾಕೆ ಕಮ್ಮಿ ಮಾಡಿದ್ದು ಎಂಬುದು ಮಾತ್ರ ಅವರಿಗೆ ತಿಳಿಯುವಂತೆ ಯಾರೂ ಹೇಳಿರಲಿಲ್ಲ.

ಗಿಡ ಯಾವುದು ಎಂಬುದು ಮೊದಲು

ಹೂವು ಎಂದ ಕೂಡಲೇ ನನಗೆ ಹೆದರಿಕೆ ಆದದ್ದು ಬೇರೆ ಕಾರಣಕ್ಕೆ. ಸದಾಪುಷ್ಪಕ್ಕೆ ಕನ್ನಡದಲ್ಲಿ ಕಾಶಿ ಕಣಗಿಲೆ ಎಂಬ ಹೆಸರೂ ಇದೆ. ಬರೀ ಕಣಗಿಲೆ ಅಂದರೆ ಅದು ಬೇರೆಯದೇ ಗಿಡ, ಹೃದಯದ ಬಡಿತವನ್ನೇ ಕೆಡಿಸಿ ಜೀವ ತೆಗೆಯುವಷ್ಟು ವಿಷ. ಎರಡೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು, ಎರಡರಲ್ಲೂ ಗುಲಾಬಿ ಮತ್ತು ಬಿಳಿ ಹೂವು ಇರುತ್ತದೆ, ಎರಡೂ ಅಂಗಳದಲ್ಲೇ ಬೆಳೆಯುತ್ತವೆ. ಕಣಗಿಲೆಯ ಎಲೆ ಉದ್ದ, ಸಪೂರ, ಗಿಣ್ಣಿಗೆ ಸಾಮಾನ್ಯವಾಗಿ ಮೂರು. ಸದಾಪುಷ್ಪದ ಎಲೆ ಅಗಲ, ಹೊಳಪು, ಎದುರುಬದುರು ಎರಡೆರಡು, ನಡುವಿನ ನರ ಬೆಳ್ಳಗೆ. ಇನ್ನೂ ಒಂದು ಗೊಂದಲ ಇದೆ. ಆಯುರ್ವೇದದ ಹಳೆಯ ನಿಘಂಟುಗಳಲ್ಲಿ, ಅಂದರೆ ಗಿಡಮೂಲಿಕೆಗಳ ಹೆಸರು, ಗುಣ ಹೇಳುವ ಗ್ರಂಥಗಳಲ್ಲಿ, ಸದಾಪುಷ್ಪ ಎಂಬ ಹೆಸರು ಬಿಳಿ ಎಕ್ಕಕ್ಕೆ ಇದೆ. ಅದನ್ನು ಓದಿ ಯಾರಾದರೂ ಅಂಗಳದ ಈ ಹೂವಿಗೆ ಆ ಗುಣಗಳನ್ನು ಹಚ್ಚಿದರೆ ಪೂರ್ತಿ ತಪ್ಪು. ಎಕ್ಕ, ಕಣಗಿಲೆ ಎರಡೂ ಔಷಧ ಕಾಯ್ದೆಯ ನಿಯಮಗಳಲ್ಲಿರುವ ಇ-1 ಪಟ್ಟಿಯಲ್ಲಿವೆ. ಆಯುರ್ವೇದ, ಸಿದ್ಧ, ಯುನಾನಿ ಪದ್ಧತಿಗಳ ವಿಷದ್ರವ್ಯಗಳ ಪಟ್ಟಿ ಅದು.

ಮರುದಿನ ಹೂವಿರುವ ಕೊಂಬೆಯನ್ನೇ ತರಿಸಿ ನೋಡಿದೆ. ಸದಾಪುಷ್ಪವೇ. ಬೆಳಗಾವಿ ಕಡೆಯವರು ಸದಾಫುಲಿ ಅನ್ನುವುದು ಇದಕ್ಕೇ.

ಇದರ ಒಳಗೆ ಏನಿದೆ

ಸದಾಪುಷ್ಪ ನಮ್ಮ ನೆಲದ ಗಿಡ ಅಲ್ಲ. ಅದರ ಮೂಲ ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪ. ಚರಕ, ಸುಶ್ರುತರ ಕಾಲದಲ್ಲಿ ಇದು ಇಲ್ಲಿ ಇರಲಿಲ್ಲ. ಹಾಗಾಗಿ ಸಾವಿರಾರು ವರ್ಷಗಳ ಆಯುರ್ವೇದದ ಅನುಭವ ಇದರ ಹಿಂದೆ ಇದೆ ಎಂದು ವಿಡಿಯೋದಲ್ಲಿ ಹೇಳಿದ್ದು ಸರಿಯಲ್ಲ. ಎಷ್ಟು ಕೊಡಬೇಕು, ಯಾವುದರ ಜೊತೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ನಮ್ಮ ಹಿಂದಿನವರು ಇದಕ್ಕೆ ಬರೆದಿಟ್ಟಿಲ್ಲ. ಆಮೇಲೆ ಬಂದದ್ದು ಜನಬಳಕೆ. ಅದನ್ನು ನಾನು ಕೀಳಾಗಿ ನೋಡುವುದಿಲ್ಲ, ಆದರೆ ಅದು ಶಾಸ್ತ್ರವೂ ಅಲ್ಲ.

ಜನಬಳಕೆ ಕೆಲವೊಮ್ಮೆ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಈ ಗಿಡದ ಕಥೆಗಿಂತ ದೊಡ್ಡ ಉದಾಹರಣೆ ಇಲ್ಲ. 1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಒಳಗೆ ಸದಾಪುಷ್ಪದ 25 ಎಲೆ. ಅಲ್ಲಿಯ ಜನ ಸಕ್ಕರೆ ಕಾಯಿಲೆಗೆ ಇದರ ಕಷಾಯ ಕುಡಿಯುತ್ತಿದ್ದರು. ಕ್ಲಾರ್ಕ್ ಅದನ್ನು ಸಂಶೋಧಕನಾಗಿದ್ದ ತಮ್ಮ ರಾಬರ್ಟ್ ನೋಬಲ್‌ಗೆ ಕೊಟ್ಟರು. ಇಲಿಗಳಿಗೆ ಕುಡಿಸಿದಾಗ ಸಕ್ಕರೆಯಲ್ಲಿ ಬದಲಾವಣೆ ಕಾಣಲಿಲ್ಲ. ಸೂಜಿಯಲ್ಲಿ ಕೊಟ್ಟಾಗ ಇಲಿಗಳು ಸೋಂಕು ಹತ್ತಿ ಸತ್ತವು, ಅವುಗಳ ಬಿಳಿ ರಕ್ತಕಣಗಳು ಕುಸಿದಿದ್ದವು. ಬಿಳಿ ಕಣಗಳನ್ನು ಇಷ್ಟು ಇಳಿಸುವ ವಸ್ತು ರಕ್ತದ ಕ್ಯಾನ್ಸರಿಗೆ ಉಪಯೋಗ ಆಗಬಹುದಲ್ಲ ಎಂದು ಅವರಿಗೆ ಹೊಳೆಯಿತು. ಚಾರ್ಲ್ಸ್ ಬಿಯರ್ ಜೊತೆ ಸೇರಿ ಆ ವಸ್ತುವನ್ನು ಬೇರ್ಪಡಿಸಿದರು. 1958ರಲ್ಲಿ ಜಗತ್ತಿಗೆ ತಿಳಿದ ಅದೇ ವಿನ್‌ಬ್ಲಾಸ್ಟಿನ್. ಅದರ ಬೆನ್ನಿಗೇ ಬಂದ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಮಕ್ಕಳ ರಕ್ತ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಮುಖ್ಯ ಔಷಧ.

ಹಾಗಂತ ಐದು ಹೂವು ತಿಂದವರಿಗೆ ಕ್ಯಾನ್ಸರ್ ಔಷಧದ ಪೂರ್ತಿ ಪ್ರಮಾಣ ಹೋಗುತ್ತದೆ ಎಂದಲ್ಲ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಆದರೆ ಈ ಗಿಡದಲ್ಲಿ ನೂರಕ್ಕೂ ಹೆಚ್ಚು ಬಗೆಯ, ದೇಹದ ಮೇಲೆ ಪರಿಣಾಮ ಮಾಡುವ ಸಸ್ಯ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳಿವೆ. ಬೇರಿನಲ್ಲಿರುವ ಅಜ್ಮಲಿಸಿನ್ ಬಿಪಿ ಇಳಿಸುತ್ತದೆ. ಎಲೆಯ ರಸ ಸಕ್ಕರೆ ಇಳಿಸಿದ್ದು ಮುಂದೆ ಇಲಿ, ಮೊಲಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡಿದೆ. ಮನುಷ್ಯರಲ್ಲಿ ಇಷ್ಟು ಕೊಟ್ಟರೆ ಇಷ್ಟು ಇಳಿಯುತ್ತದೆ, ಇಷ್ಟು ಕಾಲ ಕೊಟ್ಟರೂ ಅಪಾಯ ಇಲ್ಲ ಎಂದು ಹೇಳುವಂಥ ಗಟ್ಟಿ ಪರೀಕ್ಷೆ ಇಲ್ಲ. ಮನೆಯ ಗಿಡದಲ್ಲಿ ಮಣ್ಣು, ಋತು, ಎಲೆಯ ವಯಸ್ಸಿನ ಪ್ರಕಾರ ಸಾರ ಏರಿಳಿಯುತ್ತದೆ. ಮಾತ್ರೆಯ ಮೇಲೆ 2 ಮಿಲಿಗ್ರಾಂ ಎಂದು ಬರೆದಿರುತ್ತದೆ. ಒಂದು ಹಿಡಿ ಎಲೆಯ ಮೇಲೆ ಏನೂ ಬರೆದಿರುವುದಿಲ್ಲ.

ಹೂವೇ ಕಾರಣ ಅನ್ನಬಹುದಾ?

ಇಲ್ಲಿ ಎಚ್ಚರ ಬೇಕು. ಮೊದಲ ಘಟನೆಗೆ ಉಪವಾಸ ಮತ್ತು ಮಾತ್ರೆ ಎರಡೇ ಸಾಕು. ಅದನ್ನು ಹೂವಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಎರಡನೆಯದು ಬೇರೆ. ಆಸ್ಪತ್ರೆಯಲ್ಲಿ ಹೂವು ನಿಂತಿತು, ಸಕ್ಕರೆ 168ಕ್ಕೆ ಬಂತು. ಮನೆಯಲ್ಲಿ ಹೂವು ದುಪ್ಪಟ್ಟಾಯಿತು, ಮಾತ್ರೆ ಅರ್ಧ ಇದ್ದರೂ, ಊಟ ಮಾಡಿದರೂ 54ಕ್ಕೆ ಇಳಿಯಿತು. ನನ್ನ ಮಾತು ಕೇಳಿ ಹೂವು, ಎಲೆ ಪೂರ್ತಿ ನಿಲ್ಲಿಸಿದ ಮೇಲೆ ಅದೇ ಒಂದು ಮಾತ್ರೆಯಲ್ಲಿ ಹತ್ತು ದಿನದೊಳಗೆ ಖಾಲಿ ಹೊಟ್ಟೆಯ ಸಕ್ಕರೆ 160ರಿಂದ 190ರ ನಡುವೆ ಬಂತು. ನಿಲ್ಲಿಸಿದಾಗ ಹೋಗುವುದು, ಮತ್ತೆ ಶುರು ಮಾಡಿದಾಗ ಬರುವುದು, ಔಷಧದ ಅಡ್ಡಪರಿಣಾಮ ಗುರುತಿಸುವಾಗ ಈ ಎರಡಕ್ಕೆ ಬಹಳ ಬೆಲೆ.

ಆದರೂ ಗ್ಲಿಮೆಪಿರೈಡ್ ಆ ದಿನವೂ ಹೊಟ್ಟೆಯಲ್ಲಿ ಇತ್ತು, ಮೂತ್ರಪಿಂಡವೂ ದುರ್ಬಲ ಇತ್ತು. ಅದಕ್ಕೆ, ಅಡ್ಡಪರಿಣಾಮಕ್ಕೆ ಆ ಔಷಧವೇ ಕಾರಣವೇ ಎಂದು ತೂಗುವ ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ನಾನು ಇದನ್ನು "ಖಚಿತ" ಎಂದು ಬರೆಯದೆ "ಸಾಧ್ಯ" ಎಂದು ಬರೆದೆ. ನನ್ನ ಮನಸ್ಸು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇದೆ. ಹೂವು ಒಂದೇ ಇದ್ದಿದ್ದರೆ ಇಷ್ಟು ಇಳಿಯುತ್ತಿರಲಿಲ್ಲ, ಮಾತ್ರೆ ಒಂದೇ ಇದ್ದಿದ್ದರೂ ಊಟದ ಮೇಲೆ ಇಷ್ಟು ಇಳಿಯುತ್ತಿರಲಿಲ್ಲ, ಎರಡೂ ಸೇರಿದ್ದೇ ಅಪಾಯ ಎಂದು ನನ್ನ ಅಂದಾಜು.

ಬಿಳಿ ರಕ್ತಕಣದ ಲೆಕ್ಕವನ್ನೂ ಮಾಡಿಸಿದೆ. 3,700 ಬಂತು. ಸಾಮಾನ್ಯವಾಗಿ 4,000ದಿಂದ 11,000 ಇರಬೇಕು. ಹೂವು ಬಿಟ್ಟು ಮೂರು ವಾರಕ್ಕೆ 5,400 ಆಯಿತು. ಮೊದಲಿನ ವರದಿ ಅವರ ಹತ್ತಿರ ಇರಲಿಲ್ಲ, ಇಷ್ಟು ಸಣ್ಣ ಇಳಿಕೆ ಒಂದು ಜ್ವರದಿಂದಲೂ ಆಗಬಹುದು. ಹಾಗಾಗಿ ಇದರಿಂದ ಏನನ್ನೂ ಸಾಧಿಸಲು ಹೋಗುವುದಿಲ್ಲ. ಆದರೆ ಈ ಗಿಡವನ್ನು ತಿಂಗಳುಗಟ್ಟಲೆ ತಿಂದವರಲ್ಲಿ ಈ ಪರೀಕ್ಷೆ ಮಾಡಿಸದೆ ಬಿಡಬಾರದು.

ಆಮೇಲೆ ಮಾಡಿದ್ದು

ಮೊದಲ ಕೆಲಸ, ಅವರ ಸಕ್ಕರೆ ವೈದ್ಯರಿಗೆ ಪತ್ರ. ಏನು ತಿನ್ನುತ್ತಿದ್ದರು, ಎಷ್ಟು, ಯಾವಾಗ ನಿಂತಿತು ಎಲ್ಲ ಬರೆದೆ. ಅವರು ಗ್ಲಿಮೆಪಿರೈಡ್ ತೆಗೆದು ಮೆಟ್‌ಫಾರ್ಮಿನ್ ಜೊತೆ ಲಿನಾಗ್ಲಿಪ್ಟಿನ್ ಎಂಬ ಬೇರೆ ಸಕ್ಕರೆ ಮಾತ್ರೆ ಕೊಟ್ಟರು. ಅದಕ್ಕೆ ಮೂತ್ರಪಿಂಡದ ಕಾರಣಕ್ಕೆ ಪ್ರಮಾಣ ಬದಲಿಸಬೇಕಿಲ್ಲ, ಸಕ್ಕರೆ ಒಮ್ಮೆಲೇ ಕುಸಿಯುವ ಅಪಾಯವೂ ಕಮ್ಮಿ. ಒಳ್ಳೆಯ ನಿರ್ಧಾರ.

ಕಾಕಾ ನನ್ನನ್ನು ನೇರವಾಗಿ ಕೇಳಿದರು, "ಹೂವ ಬ್ಯಾಡ ಅಂದ್ರ ನೀವ್ ಏನ್ ಕೊಡ್ತೀರಿ?" ಸದ್ಯಕ್ಕೆ ಏನೂ ಇಲ್ಲ ಎಂದೆ. ಅವರಿಗೆ ಬೇಜಾರಾಯಿತು. ಮಧುಮೇಹಕ್ಕೆ ಆಯುರ್ವೇದದಲ್ಲಿ ಅರಿಶಿನ ಮತ್ತು ನೆಲ್ಲಿಕಾಯಿ, ನೇರಳೆ ಬೀಜ ಇವೆಲ್ಲ ಇವೆ, ನಾನೂ ಕೊಡುತ್ತೇನೆ. ಆದರೆ ಹೊಸ ಮಾತ್ರೆ ಎಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯುವ ಮೊದಲೇ ಇನ್ನೊಂದನ್ನು ಸೇರಿಸಿದರೆ ಮತ್ತೆ ಅದೇ ಗೊಂದಲ. ಹೊತ್ತಿಗೆ ಸರಿಯಾಗಿ ಊಟ, ಊಟದ ಮೇಲೆ ಕಾಲು ತಾಸು ನಡಿಗೆ, ಚಹಾದ ಬೆಲ್ಲ ಬಂದ್. ಕಬ್ಬಿನ ಸೀಮೆಯಲ್ಲಿ ಬೆಲ್ಲ ಸಕ್ಕರೆ ಅಲ್ಲ ಎಂದು ನಂಬಿದವರು ತುಂಬಾ ಜನ ಇದ್ದಾರೆ. ಎರಡೂ ರಕ್ತದಲ್ಲಿ ಸಕ್ಕರೆಯೇ ಆಗುತ್ತವೆ.

ಸೊಸೆಗೆ ಒಂದು ವಿಷಯ ಬಿಡಿಸಿ ಹೇಳಿದೆ, ಏಕೆಂದರೆ ಮುಂದೆ ಜೀವ ಉಳಿಸುವವಳು ಅವಳೇ. ಬೆವರು, ನಡುಕ, ಎದೆ ಬಡಿತ, ಅಸಂಬದ್ಧ ಮಾತು ಕಂಡರೆ ಮೊದಲು ಸಕ್ಕರೆ ನೋಡಬೇಕು. ಎಚ್ಚರ ಇದ್ದು ನುಂಗುವಂತಿದ್ದರೆ ಮೂರು ಚಮಚ ಸಕ್ಕರೆ ಇಲ್ಲವೇ ಗ್ಲೂಕೋಸ್ ಪುಡಿ ನೀರಿನಲ್ಲಿ ಕೊಡಬೇಕು, ಕಾಲು ತಾಸಿಗೆ ಮತ್ತೆ ನೋಡಬೇಕು. ಏರಿದ ಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರ ದಾರಿಗೆ ಹೋಗಿ ಅದೇ ಕೊಲ್ಲುತ್ತದೆ. ಮಗ್ಗುಲಿಗೆ ಮಲಗಿಸಿ ನೇರ ಆಸ್ಪತ್ರೆ. ಇನ್ಸುಲಿನ್ ಹೊರಡಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ಸಕ್ಕರೆ ಕುಡಿಸಿ ಸರಿಹೋದರೂ ವೈದ್ಯರಿಗೆ ತೋರಿಸಬೇಕು.

ಶಂಕಿತ ಅಡ್ಡಪರಿಣಾಮದ ಅರ್ಜಿಯನ್ನೂ ತುಂಬಿ ಕಳಿಸಿದೆ. ಆಯುಷ್ ಸಚಿವಾಲಯ ಇದಕ್ಕಾಗಿ ಒಂದು ವ್ಯವಸ್ಥೆ ಮಾಡಿದೆ. ಅದರ ರಾಷ್ಟ್ರೀಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ, ಕೆಳಹಂತದ ಕೇಂದ್ರಗಳು ಕಾಲೇಜುಗಳಲ್ಲಿವೆ. ನಮ್ಮ ಸಹೋದ್ಯೋಗಿಗಳು ಇದನ್ನು ಬಳಸುವುದು ಕಮ್ಮಿ. ಅರ್ಜಿ ಕಳಿಸಿದರೆ ಆಯುರ್ವೇದಕ್ಕೆ ಕೆಟ್ಟ ಹೆಸರು ಬರುತ್ತದೆ ಎಂಬ ಅಳುಕು. ನನಗೆ ಹಾಗೆ ಅನಿಸುವುದಿಲ್ಲ. ಬೆಳಗಾವಿಯಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ಸಾಂಪ್ರದಾಯಿಕ ಔಷಧ ಸಂಸ್ಥೆ 2006ರಿಂದ ಕೆಲಸ ಮಾಡುತ್ತಿದೆ. ಇಂಥ ಗಿಡಗಳನ್ನು ಅಳೆದು ತೂಗಿ ನೋಡಲು ನಮ್ಮ ಭಾಗದಲ್ಲೇ ಜಾಗ ಇದೆ. ಹಳ್ಳಿಯಿಂದ ಮಾಹಿತಿ ಹೋದರೆ ತಾನೇ ಅವರಿಗೂ ಗೊತ್ತಾಗುವುದು? ವಿಡಿಯೋದ ಬಗ್ಗೆ ಒಂದೇ ಮಾತು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು ಆಕ್ಷೇಪಾರ್ಹ ಔಷಧ ಜಾಹೀರಾತು ತಡೆಯುವ 1954ರ ಕಾಯ್ದೆಯ ಪ್ರಕಾರ ಅಪರಾಧ. ಆ ರೋಗ ಕಾಯ್ದೆಯ ಪಟ್ಟಿಯಲ್ಲೇ ಇದೆ.

ಗಿಡವನ್ನು ಕೀಳಬೇಕಾ ಎಂದು ಸೊಸೆ ಕೇಳಿದಳು. ಬೇಕಿಲ್ಲ. ಪೂಜೆಗೆ, ಅಂದಕ್ಕೆ ಇರಲಿ. ಸಣ್ಣ ಮಕ್ಕಳು ಎಲೆ, ಹೂವು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು. ಬಸುರಿಯರು, ಮೊಲೆ ಹಾಲುಣಿಸುವವರು ಇದನ್ನು ಯಾವ ರೂಪದಲ್ಲೂ ಹೊಟ್ಟೆಗೆ ತೆಗೆದುಕೊಳ್ಳಬಾರದು. ಜೀವಕೋಶ ಒಡೆದು ಎರಡಾಗುವುದನ್ನೇ ತಡೆಯುವ ವಸ್ತುಗಳು ಇದರಲ್ಲಿವೆ, ಬೆಳೆಯುವ ಕೂಸಿಗೆ ಅದು ಅಪಾಯ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರೂ ಇದನ್ನು ತಾವಾಗಿಯೇ ಸೇರಿಸಿಕೊಳ್ಳಬಾರದು.

ಕಾಕಾರ ಮಾತು ಕೇಳಿ ಅದೇ ಓಣಿಯಲ್ಲಿ ಇನ್ನೂ ಇಬ್ಬರು ಹೂವು ತಿನ್ನುತ್ತಿದ್ದರು. ಒಬ್ಬರು ಮೆಟ್‌ಫಾರ್ಮಿನ್ ಮಾತ್ರ ತೆಗೆದುಕೊಳ್ಳುವವರು. ಅವರಿಗೆ ಸಕ್ಕರೆ ಇಳಿದ ಲಕ್ಷಣ ಇರಲಿಲ್ಲ, ರಕ್ತಕಣದ ಲೆಕ್ಕವೂ ಸರಿ ಇತ್ತು, ಹೂವು ಬಿಟ್ಟರು. ಇನ್ನೊಬ್ಬರು ಬಿಡಲು ಒಪ್ಪಿಲ್ಲ. ಅವರೂ ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಾರೆ. ಅವರ ವೈದ್ಯರಿಗೆ ವಿಷಯ ತಿಳಿಸಿದ್ದೇನೆ, ವಾರಕ್ಕೆ ಎರಡು ಸಲ ನಸುಕಿನ ಸಕ್ಕರೆ ನೋಡಿ ಬರೆದಿಡಲು ಅವರ ಮಗಳು ಒಪ್ಪಿದ್ದಾಳೆ.